ಕೊಡಗಲ್ಲಿ ಕುದುರೆ ಎಲ್ಲಿದೆ ಎಂದು ಕೇಳುವವರಿಗೆ

ಮೊನ್ನೆ ವಿರಾಜಪೇಟೆಯ ಮದುವೆಯೊಂದರಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿದ್ದ ಮಾವ ಕೇಳಿದರು: "ಅಲ್ಲಮ್ಮಾ, ಕೊಡಗಲ್ಲಿ ಕುದುರೆ ಎಲ್ಲಿದೆ? ಆ ಮಕ್ಕಳಿಗೆ ಆನೆ ಕಥೆ ಹೇಳಬಾರದಾ?" ಬಾಯಲ್ಲಿ ಕಡಂಬುಟ್ಟು ಇತ್ತು, ಉತ್ತರ ಕೊಡದೆ ತಪ್ಪಿಸಿಕೊಂಡೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಸಿದ್ದಾಪುರದ ಹತ್ತಿರದ ತೋಟವೊಂದರಲ್ಲಿ, ಕಾಫಿ ಒಣಗಿಸುವ ಕಣದ ಪಕ್ಕ, ಭಾನುವಾರ ಬೆಳಿಗ್ಗೆ ಲೈನ್ ಮನೆ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ ಮಕ್ಕಳನ್ನು ಕೂರಿಸಿಕೊಂಡು ಕಥೆ ಓದುತ್ತೇನೆ. ಇಂಗ್ಲಿಷ್ ಪುಸ್ತಕ ಕೈಯಲ್ಲಿರುತ್ತದೆ, ಬಾಯಲ್ಲಿ ಕನ್ನಡ ಬರುತ್ತದೆ. ಹೆಚ್ಚಿನವು ಕುದುರೆ ಕಥೆಗಳೇ.

ಆನೆ ಕಥೆ ಯಾಕೆ ಹೇಳುವುದಿಲ್ಲ ಅಂದರೆ, ಲೈನ್ ಮನೆ ಹಿಂದಿನ ಹಲಸಿನ ಮರಕ್ಕೆ ರಾತ್ರಿ ಬರುವ ಆನೆ ಆ ಮಕ್ಕಳಿಗೆ ಕಥೆಯಲ್ಲ. ಅದು ಬೆಳಿಗ್ಗೆ ಶಾಲೆಗೆ ಹೋಗಬೇಕೋ ಬೇಡವೋ ಅನ್ನುವ ಪ್ರಶ್ನೆ. ಪ್ರವಾಸಕ್ಕೆ ಬಂದು ದುಬಾರೆಯಲ್ಲಿ ಆನೆ ಸ್ನಾನ ನೋಡಿದವರಿಗೆ ಅದು ಮುದ್ದು. ಇವರಿಗೆ ಸೊಪ್ಪು ಮುರಿಯುವ ಸದ್ದು ಕೇಳಿದರೇ ಸಾಕು, ಅಮ್ಮ ಬಾಗಿಲು ಹಾಕುತ್ತಾಳೆ.

ನನಗೆ ಸಿಟ್ಟು ಬರುವುದು ಕುದುರೆ ಅನ್ನುವ ಮಾತಿಗಲ್ಲ, "ಆ ಮಕ್ಕಳಿಗೆ" ಅನ್ನುವುದಕ್ಕೆ. ಆ ಮಕ್ಕಳಿಗೆ ಅದೆಲ್ಲ ಅರ್ಥ ಆಗುತ್ತದಾ ಅಂತ ಕೇಳುತ್ತೀರಲ್ಲ, ನಿಮಗಿಂತ ಚೆನ್ನಾಗಿ ಅರ್ಥ ಆಗುತ್ತದೆ.

ನಾನು ಅವರಿಗೆ ಓದಿದ "ಬ್ಲ್ಯಾಕ್ ಬ್ಯೂಟಿ" 1877ರಲ್ಲಿ ಬಂದ ಪುಸ್ತಕ. ಬರೆದ ಆನಾ ಸ್ಯೂವೆಲ್ ಹದಿನಾಲ್ಕನೇ ವಯಸ್ಸಿಗೆ ಬಿದ್ದು ಕಾಲು ಕೆಡಿಸಿಕೊಂಡವರು. ಆಮೇಲೆ ಎಲ್ಲಿಗೆ ಹೋಗಬೇಕಾದರೂ ಕುದುರೆ ಗಾಡಿಯೇ ಗತಿ. ಪುಸ್ತಕ ಬರೆಯುವ ಹೊತ್ತಿಗೆ ಹಾಸಿಗೆ ಹಿಡಿದಿದ್ದರು. ಮಗಳು ಚೀಟಿಗಳಲ್ಲಿ ಗೀಚಿಟ್ಟಿದ್ದನ್ನು ಅಮ್ಮ ನಕಲು ಮಾಡಿಕೊಡುತ್ತಿದ್ದರು. ಮಕ್ಕಳಿಗೆಂದು ಬರೆದದ್ದೂ ಅಲ್ಲ ಅದು, ಕುದುರೆ ನೋಡಿಕೊಳ್ಳುವವರಿಗೆಂದು ಬರೆದದ್ದು. ಪುಸ್ತಕ ಬಂದ ಮರುವರ್ಷವೇ ತೀರಿಕೊಂಡರು.

ಕಥೆ ಹೇಳುವುದು ಕುದುರೆಯೇ. ಅವನನ್ನು ಒಬ್ಬರಿಂದ ಒಬ್ಬರಿಗೆ ಮಾರುತ್ತಲೇ ಇರುತ್ತಾರೆ, ಹೆಸರೂ ಬದಲಾಗುತ್ತದೆ. ಮೊದಲು ಡಾರ್ಕಿ, ಆಮೇಲೆ ಬ್ಲ್ಯಾಕ್ ಬ್ಯೂಟಿ, ಲಂಡನ್ನಿನಲ್ಲಿ ಬಾಡಿಗೆ ಗಾಡಿಯ ಜೆರ್ರಿಯ ಮನೆಯಲ್ಲಿ ಜ್ಯಾಕ್. ಜ್ಯಾಕ್ ಅಂದರೆ ಅವರ ಮನೆಯಲ್ಲಿ ಮುಂಚೆ ಇದ್ದ ಕುದುರೆಯ ಹೆಸರು. ಇದು ಬಂದಾಗ ಹುಡುಗನೊಬ್ಬ ತಟ್ಟನೆ ಹೇಳಿದ, "ನಮ್ಮಪ್ಪಂಗೂ ಹಂಗೇ. ಹಳೇ ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಪುಸ್ತಕದಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು." ಇದನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ.

ಎರಡು ವರ್ಷ ತುಂಬುವ ಮೊದಲು ಆ ಕುದುರೆ ಒಂದು ಬೇಟೆ ನೋಡುತ್ತಾನೆ. ಅದರಲ್ಲಿ ರಾಬ್ ರಾಯ್ ಅನ್ನುವ ಕುದುರೆಯ ಕಾಲು ಮುರಿಯುತ್ತದೆ, ಗುಂಡು ಹೊಡೆದು ಸಾಯಿಸುತ್ತಾರೆ. ಅಮ್ಮ ತುಂಬ ನೊಂದುಕೊಳ್ಳುತ್ತಾಳೆ. ಸತ್ತವನು ಅವಳದೇ ಮಗ, ತನ್ನ ಅಣ್ಣ ಎಂದು ಇವನಿಗೆ ತಿಳಿಯುವುದು ಎಷ್ಟೋ ದಿನದ ಮೇಲೆ. ಕುದುರೆಗಳಿಗೆ ನೆಂಟರೇ ಇಲ್ಲವೇನೋ, ಮಾರಿದ ಮೇಲೆ ಯಾರಿಗೂ ಯಾರ ಗುರುತೂ ಸಿಗುವುದಿಲ್ಲ ಅಂದುಕೊಳ್ಳುತ್ತಾನೆ.

ಅಲ್ಲಿಗೆ ಓದು ನಿಲ್ಲಿಸಿದೆ. ಅಸ್ಸಾಂ ಕಡೆಯಿಂದ ಕಾಫಿ ಕುಯ್ಲಿಗೆ ಬಂದವರ ಮಗಳೊಬ್ಬಳು ಮೂರೇ ತಿಂಗಳಲ್ಲಿ ಕನ್ನಡ ಹಿಡಿದುಕೊಂಡಿದ್ದಳು. "ಅಕ್ಕಾ, ಅವನಿಗೆ ಅಮ್ಮ ಆಮೇಲೆ ಸಿಗ್ತಾಳಾ?" ಎಂದು ಕೇಳಿದಳು.

ನೀವು ನನ್ನನ್ನು ಕೇಳಬೇಕಾದ ಪ್ರಶ್ನೆ ಅದು, ಮಾವ. ನಮ್ಮಲ್ಲಿ ಐನ್‌ಮನೆ ಅನ್ನುವ ಪೂರ್ವಿಕರ ಮನೆ ಇದೆ, ಒಕ್ಕ ಅನ್ನುವ ಕುಲ ಇದೆ. ಯಾವ ಮದುವೆಗೆ ಹೋದರೂ "ಯಾರ ಮಗಳು?" ಅಂತ ಕೇಳಿ ಎರಡೇ ನಿಮಿಷದಲ್ಲಿ ನೆಂಟಸ್ತಿಕೆ ಹಿಡಿಯುತ್ತೀರಿ. ಹಾಗೆ ಕೇಳುವವರೇ ಇಲ್ಲದ ಕಡೆ ಬೆಳೆಯುವ ಮಗುವಿಗೆ ತನ್ನವರ ಗುರುತು ಸಿಗುವುದು ಹೇಗೆ?

ಇಲ್ಲ, ಸಿಗುವುದಿಲ್ಲ ಅಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಮುಂದಿನ ವಾರಗಳಲ್ಲಿ ಕೊನೆಯ ಅಧ್ಯಾಯದವರೆಗೂ ಓದಿದೆ. ಅಲ್ಲಿ ಕುದುರೆ ಮುದಿಯಾಗಿ, ಸೋತು ಬಂದಿರುತ್ತಾನೆ. ಒಬ್ಬ ಕೆಲಸದವನು ಮೈ ತಿಕ್ಕುತ್ತಾ ಹಣೆಯ ಬಿಳಿ ನಕ್ಷತ್ರ ನೋಡುತ್ತಾನೆ, ಒಂದು ಬಿಳಿ ಪಾದ ನೋಡುತ್ತಾನೆ, ಬೆನ್ನ ಮೇಲಿನ ಕಾಸಿನಷ್ಟು ಬಿಳಿ ಕೂದಲು ನೋಡುತ್ತಾನೆ. ಅವನು ಜೋ ಗ್ರೀನ್. ಹುಡುಗನಾಗಿದ್ದಾಗ, ಓಡಿ ಬೆವೆತ ಇದೇ ಕುದುರೆಗೆ ತಿಳಿಯದೆ ತಣ್ಣೀರು ಕುಡಿಸಿ, ಮೈಗೆ ಕಂಬಳಿ ಹೊದಿಸದೆ, ಸಾಯಿಸಿಯೇ ಬಿಡುತ್ತಿದ್ದವನು. ಗುರುತು ಹಿಡಿದವನು ಅವನೇ.

"ಮಚ್ಚೆ ಎಲ್ಲಿತ್ತು ಅಂತ ಇನ್ನೊಂದು ಸಲ ಓದಿ" ಅಂದಳು ಆ ಹುಡುಗಿ. ಓದಿದೆ. ಕೈ ಎತ್ತಿ ತನ್ನ ಎಡಹುಬ್ಬು ಮುಟ್ಟಿಕೊಂಡಳು. "ನನ್ ತಮ್ಮಂಗೆ ಇಲ್ಲಿ ಹೊಲಿಗೆ ಹಾಕಿದ್ದಾರೆ." ತಮ್ಮ ಅಲ್ಲೇ ಊರಲ್ಲಿ, ಅಜ್ಜಿ ಹತ್ತಿರ ಇದ್ದಾನಂತೆ.

ಕುಯ್ಲು ಮುಗಿದ ಮೇಲೆ ಅವರ ಮನೆಗೆ ಬೀಗ ಬಿತ್ತು. ಯಾವ ತೋಟಕ್ಕೆ ಹೋದರೆಂದು ಮೇಸ್ತ್ರಿಗೂ ಗೊತ್ತಿಲ್ಲ.

ಬರುವ ಭಾನುವಾರ ಹತ್ತು ಗಂಟೆಗೆ ಅದೇ ಪುಸ್ತಕ, ಮೊದಲ ಪುಟದಿಂದ. ಮಾವ, ನೀವೂ ಬನ್ನಿ. ಕಣದ ಪಕ್ಕ ನೆರಳಿದೆ.