ಡಬ್ಬಿ ಕಾಯಿಗೆ ಪಿಗ್ಮಿ ದುಡ್ಡು

13 ಫೆಬ್ರವರಿ 2025, ಗುರುವಾರ
ದಾವಣಗೆರೆ

ಮನೆಗೆ ಬಂದು ಎರಡು ಗಂಟೆಯಾಯಿತು, ಇನ್ನೂ ಸೀನು ನಿಂತಿಲ್ಲ. ಸೆರಗು ಕೊಡವಿದರೆ ಸಾಕು, ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ ಬಂದಿದ್ದಕ್ಕೆ ಇದೇ ಗುರುತು. ಸೋಮವಾರ, ಗುರುವಾರ ಅಲ್ಲಿ ವ್ಯಾಪಾರ. ಅಂಗಳ ಪೂರ್ತಿ ಕೆಂಪು.

ಟೆಂಡರ್‌ನಲ್ಲಿ ನಮ್ಮಂಥವರು ನೇರ ದರ ಬರೆಯೋಕಾಗಲ್ಲ, ಲೈಸೆನ್ಸ್ ಬೇಕು. ಪರಿಚಯದ ವರ್ತಕರೊಬ್ಬರಿದ್ದಾರೆ, ಅವರ ಮೂಲಕವೇ ನನ್ನ ಖರೀದಿ. ನೋಡಿದ ಕೂಡಲೇ ಕೇಳಿದರು, “ಹೋದ ವರ್ಷ ಯಾಕ್ರೀ ಅಕ್ಕಾರ ಬರಲೇ ಇಲ್ಲಲ್ರೀ?”

ಏನಂತ ಹೇಳಲಿ? ಕೈಯಲ್ಲಿ ಕಾಸಿರಲಿಲ್ಲ. 2023ರ ದೀಪಾವಳಿಯ ಲಾಭವನ್ನೆಲ್ಲ ನನ್ನ ಸಾರಿನ ಪುಡಿ ವ್ಯಾಪಾರದ ಹೊಸ ಮಷಿನ್ನಿಗೆ ಸುರಿದಿದ್ದೆ. ಮಷಿನ್ ಚೆನ್ನಾಗಿಯೇ ಇದೆ, ಅದರ ತಪ್ಪೇನಿಲ್ಲ. ಅದರೊಳಗೆ ಹಾಕೋಕೆ ಮೆಣಸಿನಕಾಯಿ ಬೇಕಲ್ವಾ, ಅದಕ್ಕೆ ದುಡ್ಡು ತೆಗೆದಿಡಬೇಕು ಅಂತ ಹೊಳೆಯಲೇ ಇಲ್ಲ. ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ದರ ಬಿದ್ದು ದೊಡ್ಡ ಗಲಾಟೆಯಾಯಿತು. ರೈತರ ಹೊಟ್ಟೆ ಉರಿದ ದಿನ ಅದು, ಅದನ್ನು ನನ್ನ ಅದೃಷ್ಟ ಅಂತ ಹೇಳೋಕೆ ಬಾಯಿ ಬರಲ್ಲ. ಆದರೆ ಅಷ್ಟು ದರ ಇಳಿದಾಗಲೂ ಒಂದು ಚೀಲ ಕೊಳ್ಳುವ ಶಕ್ತಿ ನನಗಿರಲಿಲ್ಲ.

ಆಮೇಲೆ ವರ್ಷವಿಡೀ ಇಲ್ಲೇ ಅಂಗಡಿಯಲ್ಲಿ ಹತ್ತು, ಇಪ್ಪತ್ತು ಕೆಜಿ ಅಂತ ಚಿಲ್ಲರೆ ಖರೀದಿ. ಶ್ರಾವಣದಲ್ಲಿ ತಂದ ಕಾಯಿಯಂತೂ ಬಿಸಿಲಿಗೆ ಬಣ್ಣ ಬಿಟ್ಟು ಇಟ್ಟಿಗೆಯ ಹಾಗಿತ್ತು. ಬ್ಯಾಡಗಿ ಕಾಯಿಗೆ ಖಾರ ಕಮ್ಮಿ, ಅದಕ್ಕೆ ಬೆಲೆ ಕೊಡೋದೇ ಬಣ್ಣಕ್ಕೆ. ಹಳೇ ಗಿರಾಕಿಯೊಬ್ಬರು ಫೋನ್ ಮಾಡಿ, “ಸಾರಿನ ಪುಡಿ ನೀವೇ ಮಾಡಿದ್ದಾ?” ಎಂದರು. ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ.

ಯುಗಾದಿ ಆದ ಮೇಲೆ ಪಿಗ್ಮಿ ಕಟ್ಟೋಕೆ ಶುರು ಮಾಡಿದ್ದೆ. ದಿನಾ 250 ರೂಪಾಯಿ, ಮೆಣಸಿನಕಾಯಿಗೆ ಮಾತ್ರ. ಈ ಪಿಗ್ಮಿ 1928ರಲ್ಲೇ ಉಡುಪಿಯಲ್ಲಿ ಹುಟ್ಟಿದ್ದಂತೆ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತಲ್ಲ, ಅವರಿಂದ. ಆಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ನಂಗೆ ಬೇಕಾಗಿದ್ದೂ ಅದೇ, ಬಾಗಿಲಿಗೆ ಬಂದು ಇಸಿದುಕೊಂಡು ಹೋಗುವವರು. ಡ್ರಾಯರ್‌ನಲ್ಲಿಟ್ಟ ದುಡ್ಡು ಗ್ಯಾಸಿಗೂ ಹೋಗುತ್ತೆ, ಮದುವೆ ಮುಯ್ಯಿಗೂ ಹೋಗುತ್ತೆ. ಜನವರಿ ಕೊನೆಗೆ 60,000 ದಾಟಿತ್ತು.

ಲೆಕ್ಕ ಬರೆದದ್ದು ಹಳೇ ಕ್ಯಾಲೆಂಡರಿನ ಬೆನ್ನಿಗೆ. ಮಗಳು ಎಕ್ಸೆಲ್‌ನಲ್ಲಿ ಹಾಕಿಕೊಡ್ತೀನಿ ಅಂದಳು, ನಂಗೆ ಗೋಡೆ ಮೇಲೆ ಕಾಣಬೇಕು. ತಿಂಗಳಿಗೆ 60 ಕೆಜಿ ಪುಡಿ. ನನ್ನ ಹದಕ್ಕೆ ಕೆಜಿಗೆ 350 ಗ್ರಾಂ ಕಾಯಿ, ಅಂದರೆ 21 ಕೆಜಿ. ತೊಟ್ಟು ಮುರಿದು ಒಣಗಿಸುವಾಗ ತೂಕ ಇಳಿಯುತ್ತೆ, ಅದಕ್ಕೇ 25 ಅಂತಿಟ್ಟೆ. ವರ್ಷಕ್ಕೆ ಮೂರು ಕ್ವಿಂಟಲ್. ಇಷ್ಟೇ ಲೆಕ್ಕ. ಏಳು ವರ್ಷದಿಂದ ಈ ವ್ಯಾಪಾರ ಮಾಡ್ತಾ ಇದ್ದೀನಿ, ಒಂದು ಸಲವೂ ಹಾಕಿರಲಿಲ್ಲ! ಆಷಾಢದ ಆದಾಯದ ಮನೆಗೆ ದೊಡ್ಡ ಸೊನ್ನೆ ಹಾಕಿದ್ದೇನೆ. ಮದುವೆ ಇಲ್ಲ, ಅಡುಗೆಯವರ ಆರ್ಡರ್ ಇಲ್ಲ, ಮಳೆಗೆ ಕಾಯಿ ಬೇರೆ ಮೆತ್ತಗಾಗುತ್ತೆ. ಆ ತಿಂಗಳ ಕರೆಂಟ್ ಬಿಲ್ಲು, ಕೆಲಸದವರ ಸಂಬಳ ಮೇ ತಿಂಗಳಲ್ಲೇ ಎತ್ತಿಡಬೇಕು.

ಇವತ್ತು ಕಡ್ಡಿ ಎರಡೂವರೆ ಕ್ವಿಂಟಲ್, ಡಬ್ಬಿ ಅರ್ಧ ಕ್ವಿಂಟಲ್ ತೆಗೆದುಕೊಂಡೆ. ಎರಡೂ ಬ್ಯಾಡಗಿ ಕಾಯಿಯ ಬಗೆಗಳೇ, ಕಡ್ಡಿ ಉದ್ದಕ್ಕೆ ತೆಳ್ಳಗೆ, ಡಬ್ಬಿ ಗಿಡ್ಡಕ್ಕೆ ದುಂಡಗೆ. ಕೈಗೆತ್ತಿಕೊಂಡು ಕಿವಿ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಮೊದಲ ಚೀಲದ ಕಾಯಿ ಅನ್ನಲಿಲ್ಲ, ಹಸಿ ಇತ್ತು, ಬೇಡ ಎಂದೆ. ವರ್ತಕರು ಮುಖ ಸಣ್ಣ ಮಾಡಿಕೊಂಡು ಬೇರೆ ತೋರಿಸಿದರು. ಹಮಾಲಿ, ಬಾಡಿಗೆ ಎಲ್ಲ ಕಳೆದು ಸ್ವಲ್ಪ ದುಡ್ಡು ಉಳಿಯಿತು ಕೂಡ.

ಒಂದು ಮಾತ್ರ ಲೆಕ್ಕಕ್ಕೆ ತಪ್ಪಿಹೋಗಿತ್ತು, ಇಡೋದು ಎಲ್ಲಿ? ನಮ್ಮ ತಗಡಿನ ಶೆಡ್ಡಿನಲ್ಲಿ ಏಪ್ರಿಲ್‌ಗೆ ಬಣ್ಣ ಹಾರಿಹೋಗುತ್ತೆ. ಕೊನೆಗೆ ಎರಡು ಚೀಲ ಮಾತ್ರ ತಂದೆ. ಉಳಿದದ್ದು ಅಲ್ಲೇ ಕೋಲ್ಡ್ ಸ್ಟೋರೇಜಿನಲ್ಲಿದೆ, ವರ್ತಕರ ಮಾಲಿನ ಜೊತೆಗೆ. ಅದರ ಬಾಡಿಗೆ, ಆಗಾಗ ತರಿಸುವ ಖರ್ಚು ಈಗ ಕ್ಯಾಲೆಂಡರಿನ ಮೂಲೆಯಲ್ಲಿ ಸೇರಿಕೊಂಡಿದೆ.

ನಾಳೆ ಬೆಳಿಗ್ಗೆ ಪಿಗ್ಮಿ ಅಣ್ಣ ಬರುತ್ತಾರೆ. ಹೊಸ ಖಾತೆಗೆ 300 ಅಂತ ನಾನು, 250 ಸಾಕು ಅಂತ ಯಜಮಾನರು. ಇಬ್ಬರೂ ಸೀನುತ್ತಲೇ ಜಗಳ ಆಡುತ್ತಿದ್ದೇವೆ.