ಕೆನೂ ಲೇಕ್‌ನಲ್ಲಿ ದೋಣಿ ನೆಟ್ಟಗೆ ಹೋಗಬೇಕಾದರೆ

ಕೆನಡಾದ ಟೊರಾಂಟೊದಿಂದ ಕಾಡು, ಕೆರೆಗಳ ಆಲ್ಗಾಂಕ್ವಿನ್ ಪಾರ್ಕಿಗೆ ಕಾರಿನಲ್ಲಿ ಸುಮಾರು ಮೂರು ಗಂಟೆ. ಆಗಸ್ಟಿನ ಒಂದು ಶನಿವಾರ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಹೈವೇ 60ರ ಪಕ್ಕದಲ್ಲಿರುವ ಕೆನೂ ಲೇಕ್‌ನಲ್ಲಿ ದೋಣಿ ಬಾಡಿಗೆಗೆ ತೆಗೆದುಕೊಂಡು ಜೋ ಲೇಕ್‌ವರೆಗೆ ಹೋಗಿ ಬರೋಣ ಅಂತ ಲೆಕ್ಕ. ಅರ್ಧ ಗಂಟೆ ಬೆವರಿಳಿಸಿದ ಮೇಲೆ ಮುಂದೆ ಕೂತಿದ್ದವಳು ಕೇಳಿದಳು: "ರೀ, ನಾವು ಹೊರಟ ಕಟ್ಟೆ ಎದುರಿಗೇ ಕಾಣ್ತಿದೆಯಲ್ಲ?" ಹರಿಗೋಲಾದರೆ ಸರಿ, ಹೊಗೇನಕಲ್‌ನಲ್ಲಿ ಸುತ್ತಿಸಿಕೊಳ್ಳುವುದಕ್ಕೇ ದುಡ್ಡು ಕೊಡುತ್ತೇವೆ. ಕೆನೂ ಅಂದರೆ ಎರಡೂ ತುದಿ ಚೂಪಾದ ಉದ್ದನೆಯ ದೋಣಿ, ಅದು ಹಾಗೆ ಸುತ್ತಬಾರದು.

ತಪ್ಪು ನನ್ನದೇ, ಅಂದರೆ ಹಿಂದೆ ಕೂತವನದು. ಇಬ್ಬರೂ ಒಂದೊಂದು ಪಕ್ಕ ಹುಟ್ಟು ಹಾಕಿದರೆ ಸಮ ಆಗುತ್ತದೆ ಅಂದುಕೊಂಡಿದ್ದೆ. ಆಗುವುದಿಲ್ಲ. ದೋಣಿ ತಿರುಗುವುದು ನಡುಭಾಗದ ಸುತ್ತ. ಹಿಂದಿನವನು ಆ ನಡುವಿನಿಂದ ಜಾಸ್ತಿ ದೂರ ಇರುತ್ತಾನೆ, ಹಾಗಾಗಿ ಅವನ ಎಳೆತವೇ ಗೆಲ್ಲುತ್ತದೆ. ನಾನು ಎಡಗಡೆ ಹುಟ್ಟು ಹಾಕಿದಷ್ಟೂ ದೋಣಿಯ ಮೂತಿ, ಅಂದರೆ ಮುಂದಿನ ತುದಿ, ಬಲಕ್ಕೆ.

ಇದಕ್ಕೆ ಮದ್ದು ಜೆ ಸ್ಟ್ರೋಕ್ ಅನ್ನುವ ಹುಟ್ಟು ಹಾಕುವ ರೀತಿ. ಎಡಗಡೆ ಹುಟ್ಟು ಹಾಕುತ್ತಿದ್ದೀರಿ ಅಂದುಕೊಳ್ಳಿ. ಹುಟ್ಟನ್ನು ಆದಷ್ಟು ನೆಟ್ಟಗೆ ನಿಲ್ಲಿಸಿ, ದೋಣಿಗೆ ಹತ್ತಿರದಲ್ಲೇ ಎಳೆಯಿರಿ. ಅಲಗು ಸೊಂಟ ದಾಟುವಾಗ ಮೇಲಿನ ಕೈಯ ಹೆಬ್ಬೆರಳನ್ನು ನೆಲದ ಕಡೆ ತಿರುಗಿಸಿ, ಅಲಗಿನಿಂದ ನೀರನ್ನು ಹೊರಗೆ ಮೆಲ್ಲಗೆ ತಳ್ಳಿ. ನೀರಿನಲ್ಲಿ ಇಂಗ್ಲಿಷಿನ ಜೆ ಅಕ್ಷರದ ಕೊಕ್ಕೆ ಬರೆದ ಹಾಗೆ. ಬಲಕ್ಕೆ ಹೊರಳುತ್ತಿದ್ದ ಮೂತಿ ಎಡಕ್ಕೆ ಬರುತ್ತದೆ. ಹೊಸಬರ ಹೆಬ್ಬೆರಳು ತಾನಾಗಿಯೇ ಆಕಾಶದ ಕಡೆ ತಿರುಗುತ್ತದೆ, ನನ್ನದೂ ಹಾಗೇ ಆಗಿತ್ತು. ಹಾಗೆ ಮಾಡಿದರೂ ದಿಕ್ಕು ಸರಿಹೋಗುತ್ತದೆ, ಆದರೆ ಪ್ರತಿ ಸಲವೂ ಬ್ರೇಕ್ ಹಾಕಿದಂತೆ ದೋಣಿ ನಿಧಾನವಾಗುತ್ತದೆ.

ಕೊಕ್ಕೆ ಚಿಕ್ಕದಿರಲಿ, ಎಳೆದಾಗಲೆಲ್ಲ ಸ್ವಲ್ಪ ಸ್ವಲ್ಪ. ಮೂತಿ ಪೂರ್ತಿ ಹೊರಳಿದ ಮೇಲೆ ತಿದ್ದಲು ಹೋದರೆ ಆಚೆಗೆ ಹೊರಳುತ್ತದೆ, ಆಮೇಲೆ ಈಚೆಗೆ. ನೋಟವೂ ಮುಖ್ಯ. ನೀರು ನೋಡಬೇಡಿ, ದೂರದ ದಡದಲ್ಲಿ ಒಂದು ಪೈನ್ ಮರ ಗುರುತು ಮಾಡಿಕೊಳ್ಳಿ. ಮುಂದೆ ಕೂತವರಿಗೆ ಇದರ ತಲೆಬಿಸಿ ಇಲ್ಲ, ಒಂದೇ ತಾಳದಲ್ಲಿ ಎಳೆದರೆ ಸಾಕು. (ಸಲಹೆಗಳನ್ನೂ ಕೊಡುತ್ತಾರೆ, ಅದು ಬೇರೆ ಮಾತು.)

ಬೆಳಗ್ಗೆ ಬೇಗ ಹೊರಡಿ. ಮಧ್ಯಾಹ್ನ ಎದುರುಗಾಳಿ ಎದ್ದಾಗ ನಮ್ಮ ಜೆ ಏನೂ ನಡೆಯಲಿಲ್ಲ. ಬ್ಯಾಗು ನನ್ನ ಕಾಲ ಬಳಿ ಇದ್ದುದರಿಂದ ಮೂತಿ ಹಗುರಾಗಿ ಎದ್ದಿತ್ತು, ಗಾಳಿ ಅದನ್ನೇ ಹಿಡಿದು ತಿರುಗಿಸುತ್ತಿತ್ತು. ದಡಕ್ಕೆ ಹೋಗಿ ಬ್ಯಾಗನ್ನು ಮುಂದಕ್ಕೆ ಇಟ್ಟೆವು, ನಾನು ಮಂಡಿಯೂರಿ ಕೂತೆ. ದೋಣಿ ಮಾತು ಕೇಳಿತು. ಗಾಳಿ ಬೆನ್ನ ಹಿಂದಿದ್ದರೆ ಭಾರ ಹಿಂದಕ್ಕಿರಲಿ.

ಲೈಫ್ ಜಾಕೆಟ್ ದೋಣಿಯಲ್ಲಿ ಇಟ್ಟುಕೊಂಡರೆ ಸಾಲದು, ಹಾಕಿಕೊಳ್ಳಿ. ಚಿತ್ರಕಾರ ಟಾಮ್ ಥಾಮ್ಸನ್ 1917ರಲ್ಲಿ ಸತ್ತದ್ದು ಇದೇ ಕೆರೆಯಲ್ಲಿ, ಅವನೋ ಕೆನೂ ನಡೆಸುವುದರಲ್ಲಿ ಪಳಗಿದವನು.

ಜೋ ಲೇಕ್‌ಗೆ ಹೋಗುವಾಗ ನಡುವೆ 295 ಮೀಟರ್ ದೋಣಿಯನ್ನು ಹೊತ್ತು ನಡೆಯಬೇಕು. ಬಾಡಿಗೆಗೆ ತೆಗೆದುಕೊಳ್ಳುವಾಗಲೇ ಕೆವ್ಲಾರ್ ಎಂಬ ಗಟ್ಟಿ ನಾರಿನಿಂದ ಮಾಡಿದ ಹಗುರಾದ ದೋಣಿ ಕೇಳಿ. ನಾವು ದುಡ್ಡು ಉಳಿಸಲು ಭಾರದ್ದನ್ನೇ ತೆಗೆದುಕೊಂಡಿದ್ದೆವು. ಮೇ ಕೊನೆ, ಜೂನ್‌ನಲ್ಲಂತೂ ಹೋಗಬೇಡಿ, ಕಚ್ಚುವ ಕಪ್ಪು ನೊಣಗಳ ಕಾಲ ಅದು. ದೋಣಿ ತಲೆಯ ಮೇಲಿದ್ದರೆ ಅವನ್ನು ಓಡಿಸಲು ಕೈಯೂ ಬಿಡುವಿರುವುದಿಲ್ಲ.