ಅಪ್ಪಾ, ನಮ್ಮ ಮನೇಲಿ ಕರೆಂಟ್ ಇಲ್ವಾ?

ಹೋದ ತಿಂಗಳು ಊರಿಂದ ಬಂದ ಅಮ್ಮನನ್ನು ಕರೆದುಕೊಂಡು ಬರಲು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಹೋಗಿದ್ದೆವು. ಲೆಸ್ಟರ್‌ಗೆ ವಾಪಸ್ ಮನೆಗೆ ಬರುವಾಗ ಎಂ1 ಹೆದ್ದಾರಿ ಪಕ್ಕದ ಒಂದು ಸರ್ವೀಸ್ ಸ್ಟೇಷನ್ನಿನಲ್ಲಿ (ಪ್ರಯಾಣದ ಮಧ್ಯೆ ನಿಲ್ಲುವ ತಂಗುದಾಣ) ನಮ್ಮ ಎಲೆಕ್ಟ್ರಿಕ್ ಕಾರಿಗೆ ಚಾರ್ಜ್ ಹಾಕಲು ನಿಲ್ಲಿಸಿದೆ. ಅಲ್ಲಿ ನಾಲ್ಕು ಚಾರ್ಜರ್. ಎರಡು ಕೆಟ್ಟಿದ್ದವು, ಇನ್ನೆರಡಕ್ಕೆ ಬೇರೆಯವರ ಕಾರು ಹಾಕಿತ್ತು, ನಮಗಿಂತ ಮೊದಲು ಬಂದು ಕಾಯುತ್ತಿದ್ದವರೂ ಒಬ್ಬರಿದ್ದರು. ಹೊರಗೆ ಮೈನಸ್ ಎರಡು ಡಿಗ್ರಿ. ಬ್ಯಾಟರಿ ಉಳಿಯಲಿ ಅಂತ ಹೀಟರ್ ಸಣ್ಣಗೆ ಇಟ್ಟಿದ್ದೆ. ಇಷ್ಟು ಹೊತ್ತು ವಿಮಾನದಲ್ಲಿ ಕೂತು ಬಂದ ಅಮ್ಮ ಹಿಂದಿನ ಸೀಟಿನಲ್ಲಿ ಕಿವಿ ಮುಚ್ಚುವ ಹಾಗೆ ಶಾಲು ಹೊದ್ದುಕೊಂಡು ಕೂತಿದ್ದಳು. ಪಕ್ಕದಲ್ಲಿ ನನ್ನ ಏಳು ವರ್ಷದ ಮಗಳು. ಕಿಟಕಿ ಗಾಜಿನ ಮಂಜಿನ ಮೇಲೆ ಬೆರಳಲ್ಲಿ ಏನೋ ಗೀಚುತ್ತಾ ಇದ್ದವಳು ಇದ್ದಕ್ಕಿದ್ದ ಹಾಗೆ ಕೇಳಿದಳು, "ಅಪ್ಪಾ, ನಮ್ಮ ಮನೇಲಿ ಕರೆಂಟ್ ಇಲ್ವಾ?"

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಅವಳ ಕ್ಲಾಸಿನ ಹುಡುಗಿಯೊಬ್ಬಳ ಮನೆಯಲ್ಲೂ ಇಂಥದ್ದೇ ಕಾರಿದೆ. ಅವರದು ಮುಂದೆ ಜಾಗ ಇರುವ ಮನೆ. ರಾತ್ರಿ ಗೋಡೆಗೆ ಪ್ಲಗ್ ಹಾಕಿ ಮಲಗುತ್ತಾರೆ, ಬೆಳಿಗ್ಗೆ ಕಾರು ತುಂಬಿರುತ್ತದೆ. ನಮ್ಮದು ಹಳೇ ಕಾಲದ ಕೆಂಪು ಇಟ್ಟಿಗೆಯ ಸಾಲುಮನೆ. ಬಾಗಿಲು ತೆಗೆದರೆ ಫುಟ್‌ಪಾತ್, ಅದರಾಚೆ ರಸ್ತೆ. ಆ ರಸ್ತೆಯಲ್ಲಿ ಯಾರು ಮೊದಲು ಬರುತ್ತಾರೋ ಅವರದ್ದು ಜಾಗ. ಎಷ್ಟೋ ದಿನ ನನ್ನ ಕಾರು ನಿಲ್ಲುವುದು ಹತ್ತು ಮನೆ ಆಚೆ.

ಕಾರು ತಗೊಂಡ ಮೊದಲ ವಾರ ಕಿಟಕಿಯಿಂದ ಕೇಬಲ್ ಇಳಿಸಿ, ಫುಟ್‌ಪಾತ್ ಮೇಲೆ ರಬ್ಬರ್ ಪಟ್ಟಿ ಮುಚ್ಚಿ, ಚಾರ್ಜ್ ಹಾಕಿದ್ದೆ. ಎದುರು ಮನೆಯ ಅಜ್ಜಿ ವಾಕರ್ ಹಿಡಿದುಕೊಂಡು ಬಂದರು. ವಾಕರಿನ ಮುಂದಿನ ಚಕ್ರ ಆ ಪಟ್ಟಿಗೆ ತಾಗಿ ನಿಂತಿತು. ಅವರು ಏನೂ ಅನ್ನಲಿಲ್ಲ. ಎರಡು ಸಲ ಎತ್ತಿ ದಾಟಿಸಲು ನೋಡಿದರು, ಆಗಲಿಲ್ಲ, ಮೆಲ್ಲಗೆ ರಸ್ತೆಗೆ ಇಳಿದು ಸುತ್ತಿ ಹೋದರು. ನಾನು ಒಳಗಿಂದ ಓಡಿ ಬರುವಷ್ಟರಲ್ಲಿ ಅವರು ದಾಟಿಯಾಗಿತ್ತು. ಅವತ್ತೇ ಕೇಬಲ್ ಸುತ್ತಿ ಡಿಕ್ಕಿಯಲ್ಲಿ ಇಟ್ಟೆ. ಈಗ ಕೆಲವು ಕೌನ್ಸಿಲ್‌ಗಳು (ಇಲ್ಲಿನ ಸ್ಥಳೀಯ ಆಡಳಿತ) ಫುಟ್‌ಪಾತಿನಲ್ಲಿ ಸಣ್ಣ ಕಾಲುವೆ ಕೊರೆದು ಕೇಬಲ್ ಎಳೆಯಲು ಒಪ್ಪುತ್ತಿವೆ. ಆದರೆ ಮನೆ ಮುಂದೆಯೇ ಜಾಗ ಸಿಗುತ್ತೆ ಅನ್ನೋ ಭರವಸೆ ಇಲ್ಲದಿದ್ದರೆ ಕಾಲುವೆ ಕೊರೆದು ಏನು ಮಾಡೋದು?

ಊರಿನ ಗೆಳೆಯರು ಆಗಾಗ ಕೇಳುತ್ತಾರೆ, "ಇವಿ (ಎಲೆಕ್ಟ್ರಿಕ್ ಕಾರು) ತಗೊಂಡ ಮೇಲೆ ಖರ್ಚೇ ಇಲ್ಲ ಅಲ್ವಾ?" ಲೆಕ್ಕ ಹೇಳುತ್ತೇನೆ. ಸ್ವಂತ ಜಾಗ ಇದ್ದವರು ರಾತ್ರಿಯ ಅಗ್ಗದ ಪ್ಲಾನ್ ತಗೊಂಡರೆ ಒಂದು ಯೂನಿಟ್ಟಿಗೆ ಸುಮಾರು 7–8 ಪೆನ್ಸ್ (ನೂರು ಪೆನ್ಸ್ ಅಂದರೆ ಒಂದು ಪೌಂಡ್). ನನ್ನಂಥವರು ಹೆದ್ದಾರಿಯ ಫಾಸ್ಟ್ ಚಾರ್ಜರ್‌ಗೆ ಹೋದರೆ 75–80 ಪೆನ್ಸ್. ಅಂದರೆ 40 ಯೂನಿಟ್ ತುಂಬಿಸಲು ಅವರಿಗೆ ಮೂರು ಪೌಂಡ್, ನನಗೆ ಮೂವತ್ತು. ಚಳಿಗಾಲದಲ್ಲಿ ಅಷ್ಟರಲ್ಲಿ ಹೋಗೋದು 120 ಮೈಲಿ ಇರಬಹುದು. ನನ್ನ ಹಳೇ ಪೆಟ್ರೋಲ್ ಕಾರಿಗೆ ಇದಕ್ಕಿಂತ ಕಮ್ಮಿ ಆಗುತ್ತಿತ್ತು. ತೆರಿಗೆಯಲ್ಲೂ ಹಾಗೇ. ಮನೆಯ ಕರೆಂಟಿಗೆ ವ್ಯಾಟ್ ಶೇ. 5, ರಸ್ತೆಬದಿಯ ಚಾರ್ಜರ್‌ಗೆ ಶೇ. 20. ಕರೆಂಟ್ ಒಂದೇ, ಕಾರೂ ಒಂದೇ. ಮನೆ ಮುಂದೆ ಜಾಗ ಇಲ್ಲದವನು ನಾಲ್ಕು ಪಟ್ಟು ದರದಲ್ಲಿ ತೆರಿಗೆ ಕಟ್ಟಬೇಕು. ಇದು ಯಾವ ನ್ಯಾಯ?

2025ರ ಏಪ್ರಿಲ್‌ನಿಂದ ಇವಿಗಳಿಗೆ ರಸ್ತೆ ತೆರಿಗೆಯೂ ಬಂತು, ಆ ವರ್ಷ 195 ಪೌಂಡ್ ಕಟ್ಟಿದೆ. 2028ರಿಂದ ಮೈಲಿಗೆ 3 ಪೆನ್ಸ್ ಹಾಕುತ್ತೇವೆ ಅಂತ ಸರ್ಕಾರ ಹೇಳಿದೆ. ರಸ್ತೆ ಬಳಸುವವರು ದುಡ್ಡು ಕೊಡಬೇಕು, ಒಪ್ಪುತ್ತೇನೆ. ಆದರೆ ಮೊದಲು ಚಾರ್ಜ್ ಹಾಕಲು ಒಂದು ದಾರಿ ಮಾಡಿಕೊಡಿ.

ಇನ್ನು ದೂರದ ವಿಷಯ. ಕಾಗದದ ಮೇಲೆ ನನ್ನ ಕಾರು ಒಂದು ಸಲ ತುಂಬಿಸಿದರೆ 220 ಮೈಲಿ. ಲೆಸ್ಟರ್‌ನಿಂದ ಹೀಥ್ರೂ ನೂರು ಮೈಲಿ ಚಿಲ್ಲರೆ, ಹೋಗಿ ಬರಲು ಸಾಕು ಅಂದುಕೊಂಡೇ ತಗೊಂಡಿದ್ದು. ಆ 220 ಮೈಲಿ ಅಂತ ಅಳೆಯುವ ಪರೀಕ್ಷೆ ನಡೆಯುವುದು 23 ಡಿಗ್ರಿಯ ಲ್ಯಾಬಿನಲ್ಲಿ ಅಂತ ಆಮೇಲೆ ಗೊತ್ತಾಯಿತು. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಪೆಟ್ರೋಲ್ ಎಂಜಿನ್ ಹೇಗೂ ಬಿಸಿಯಾಗುತ್ತೆ, ಅದೇ ಬಿಸಿಯಲ್ಲಿ ಕಾರೊಳಗೂ ಬೆಚ್ಚಗಿರುತ್ತೆ. ಇಲ್ಲಿ ಆ ಬಿಸಿಯನ್ನೂ ಬ್ಯಾಟರಿಯೇ ಕೊಡಬೇಕು. ಅದರ ಮೇಲೆ ಮೋಟರ್‌ವೇಯ ವೇಗ. ಎಲ್ಲ ಕಳೆದು ಜನವರಿಯಲ್ಲಿ ಕೈಗೆ ಸಿಗೋದು 150 ಮೈಲಿ. ಚಾರ್ಜರ್ ಸಿಕ್ಕ ಮೇಲೂ ತಣ್ಣಗಿನ ಬ್ಯಾಟರಿ ಬೇಗ ತುಂಬೋದಿಲ್ಲ, ಶೇ. 80 ದಾಟಿದ ಮೇಲಂತೂ ಎಳೆಯುತ್ತಾ ಹೋಗುತ್ತೆ.

ಓಡಿಸೋಕೆ ಮಾತ್ರ ತುಂಬಾ ಚೆನ್ನಾಗಿದೆ, ಅದನ್ನು ಹೇಳಲೇಬೇಕು. ಸದ್ದಿಲ್ಲ, ಹೊಗೆಯಿಲ್ಲ, ಗೇರಿನ ಗೊಡವೆಯಿಲ್ಲ. ನನಗೆ ಈ ಕಾರಿನ ಆಸೆ ಹುಟ್ಟಿದ್ದು ಮೊನ್ನೆ ಮೊನ್ನೆಯಲ್ಲ. ಬೆಂಗಳೂರಿನಲ್ಲಿ 2001ರಲ್ಲೇ ರೇವಾ ಬಂದಿತ್ತು, ನೆನಪಿದೆಯಾ? ಚೇತನ್ ಮೈನಿ ಮತ್ತು ಅವರ ತಂಡ ಕಟ್ಟಿದ ಎರಡು ಬಾಗಿಲಿನ ಪುಟ್ಟ ಎಲೆಕ್ಟ್ರಿಕ್ ಕಾರು. 2008ರಲ್ಲಿ ನಾನು ಮೊದಲ ಸಲ ಲಂಡನ್ನಿಗೆ ಬಂದಾಗ ಅದೇ ಕಾರು ಇಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡುತ್ತಿತ್ತು. ಊರು ಬಿಟ್ಟು ಎರಡೇ ವಾರ ಆಗಿತ್ತು. ಆ ಕಾರಿನ ಮುಂದೆ ನಿಂತು, ಇದು ನಮ್ಮ ಬೆಂಗಳೂರಿನದು ಅಂತ ಪಕ್ಕದಲ್ಲಿದ್ದ ಆಫೀಸಿನವರಿಗೆ ಹೇಳಿದಾಗ ಆದ ಸಂತೋಷ ಇವತ್ತಿಗೂ ನೆನಪಿದೆ. ಲಂಡನ್ನಿನಲ್ಲಿ ಓಡಿದ ಆ ಕಾರನ್ನು ನಾವು ನಮ್ಮೂರಲ್ಲಿ ಎಷ್ಟು ಜನ ಕೊಂಡೆವು? ಅದು ನನಗೆ ಇವತ್ತಿಗೂ ಬೇಸರದ ವಿಷಯ.

ಸರಿ, ಮಗಳ ಪ್ರಶ್ನೆಗೆ ಬರುತ್ತೇನೆ. ನಾನು ಉತ್ತರ ಹುಡುಕುವಷ್ಟರಲ್ಲಿ ಅಮ್ಮ ಶಾಲಿನೊಳಗಿಂದ ಹೇಳಿದಳು, "ಇದೆ ಕಣೇ ಪುಟ್ಟಿ. ಕರೆಂಟ್ ಇದ್ರೂ ಕಾಯಬೇಕಾಗುತ್ತೆ. ನಿಮ್ಮ ತಾತ ಜೀವಮಾನ ಪೂರ್ತಿ ಕಾದ್ರು."

ತಿಪಟೂರು ಕಡೆ ನಮ್ಮ ತೆಂಗಿನ ತೋಟ. ಮನೆಯಲ್ಲಿ ದೀಪ ಉರಿಯುವಷ್ಟು ಕರೆಂಟ್ ಇರುತ್ತಿತ್ತು, ಬೋರ್‌ವೆಲ್ ಮೋಟರ್ ಓಡಲು ತ್ರೀ ಫೇಸ್ ಬೇಕು. ಅದು ಬರುತ್ತಿದ್ದದ್ದು ಹೆಚ್ಚಾಗಿ ರಾತ್ರಿ. ಒಂದು ವಾರ ಹನ್ನೊಂದಕ್ಕೆ, ಇನ್ನೊಂದು ವಾರ ಎರಡಕ್ಕೆ. ಪಂಪ್‌ಹೌಸಿನ ಸ್ಟಾರ್ಟರ್ ಪಕ್ಕ ಒಂದು ಹಲಗೆ, ಅದರ ಮೇಲೆ ಮೂರು ಬಲ್ಬು. ಮೂರೂ ಹತ್ತಿದರೆ ತ್ರೀ ಫೇಸ್ ಬಂತು ಅಂತ. ಅಪ್ಪ ನಿದ್ದೆಯಲ್ಲೂ ಆ ಕಡೆಯ ಕಿಟಕಿಗೇ ಮುಖ ಮಾಡಿ ಮಲಗುತ್ತಿದ್ದರು. ಬೆಳಕು ಕಂಡ ತಕ್ಷಣ ಎದ್ದು, ಪಂಚೆ ಮೇಲೆ ಕಟ್ಟಿಕೊಂಡು, ಹಾವಿನ ಭಯಕ್ಕೆ ಟಾರ್ಚ್ ಹಿಡಿದು ಹೊರಡುತ್ತಿದ್ದರು. ಎಷ್ಟೋ ಸಲ ಮಡಿಗೆ ನೀರು ಮುಟ್ಟುವ ಮೊದಲೇ ಕರೆಂಟ್ ಹೋಗಿಬಿಡುತ್ತಿತ್ತು. ನಾನು ಒಳಗೆ ಬೆಚ್ಚಗೆ ಮಲಗಿರುತ್ತಿದ್ದೆ. ಒಂದು ದಿನವೂ ನಾನು ಹೋಗ್ತೀನಿ ನೀವು ಮಲಗಿ ಅನ್ನಲಿಲ್ಲ. ಅಪ್ಪ ಈಗ ಇಲ್ಲ.

ಹೀಥ್ರೂಗೆ ಹೋಗಿ ಬಂದ ಮುಂದಿನ ವಾರ ಬೆಂಗಳೂರಿನಿಂದ ಸ್ನೇಹಿತ ಫೋನ್ ಮಾಡಿದ್ದ. ಹೊಸ ಕಾರು ತಗೊಳ್ತಾನಂತೆ, ಇವಿ ತಗೊಳ್ಳಲಾ ಅಂತ ಕೇಳಿದ. ನಿನ್ನ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ನಿನ್ನ ಮೀಟರಿಂದ ಒಂದು ಪಾಯಿಂಟ್ ಹಾಕಿಸಿಕೊಡ್ತಾರಾ, ಅದನ್ನು ಮೊದಲು ಅಸೋಸಿಯೇಷನ್‌ನವರ ಹತ್ತಿರ ಬರವಣಿಗೆಯಲ್ಲಿ ತಗೋ ಅಂದೆ. ಶೋರೂಮಿಗೆ ಹೋಗೋದು ಆಮೇಲೆ.

ನಾನಂತೂ ಈಗ ವಾರಕ್ಕೆ ಎರಡು ರಾತ್ರಿ ಅರ್ಧ ಮೈಲಿ ದೂರದ ಕಾರ್ ಪಾರ್ಕಿಗೆ ಹೋಗುತ್ತೇನೆ. ಅಲ್ಲಿ ಎರಡು ನಿಧಾನದ ಚಾರ್ಜರ್ ಇವೆ, ದರವೂ ಸ್ವಲ್ಪ ಕಮ್ಮಿ. ಸಂಜೆ ಸಿಗೋದಿಲ್ಲ, ಹನ್ನೊಂದರ ಮೇಲೆ ಖಾಲಿಯಾಗುತ್ತೆ. ಫೋನಿನಲ್ಲಿ ಹಸಿರು ಚುಕ್ಕೆ ಕಂಡ ತಕ್ಷಣ ಜಾಕೆಟ್ ಹಾಕಿಕೊಂಡು ಹೊರಡಬೇಕು. ಕಾರು ಬಿಟ್ಟು ನಡೆದು ಬರೋದು, ಬೆಳಿಗ್ಗೆ ಮತ್ತೆ ನಡೆದು ಹೋಗಿ ತರೋದು.

ನಿನ್ನೆ ರಾತ್ರಿಯೂ ಹಾಗೇ ಹೊರಟೆ. ಮೆಟ್ಟಿಲ ಮೇಲಿನ ರೂಮಿನಲ್ಲಿ ಅಮ್ಮ ಮಲಗಿದ್ದಾಳೆ ಅಂತ ಸದ್ದಾಗದ ಹಾಗೆ ಬೀಗದ ಕೈ ತಗೊಂಡೆ. ಬಾಗಿಲು ತೆಗೆಯುವಾಗ ಮೇಲಿಂದ ದನಿ ಬಂತು.

"ಟಾರ್ಚ್ ತಗೊಂಡ್ಯಾ?"